ಲಾಗಿನ್ ಏಜೆನ್ಸಿಯ ಬಳಿ ಇರಲಿ, ಡೊಮೇನ್ ಮಾತ್ರ ನಿಮ್ಮ ಹೆಸರಿನಲ್ಲಿರಲಿ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ವೆಬ್‌ಸೈಟ್ ಏಜೆನ್ಸಿಗಳು ಎಲ್ಲ ಕ್ಲೈಂಟ್‌ಗಳ ಸೈಟ್‌ಗಳನ್ನೂ ಒಂದೇ ಖಾತೆಯಿಂದ ನೋಡಿಕೊಂಡರೆ ಎಷ್ಟು ಸಮಯ ಉಳಿಯುತ್ತದೆ, ಎಷ್ಟು ಸಲೀಸಾಗುತ್ತದೆ ಎಂದು ಅದರಲ್ಲಿ ವಿವರಿಸಲಾಗಿತ್ತು. ಅಲ್ಲಿ ಹೇಳಿದ ಅನುಕೂಲಗಳೆಲ್ಲ ನಿಜ. ನಾನು 2011ರಿಂದ ಇದೇ ಕೆಲಸದಲ್ಲಿದ್ದೇನೆ. ಈಗ ನನ್ನ ಖಾತೆಯಲ್ಲಿ 58 ಸೈಟ್‌ಗಳಿವೆ. ಆದರೆ ಆ ಖಾತೆ ಯಾರ ಹೆಸರಿನಲ್ಲಿರಬೇಕು, ಅದರೊಳಗಿನ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಹೆಸರಿನಲ್ಲಿರಬೇಕು ಎಂಬುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನಿಮ್ಮ ಓದುಗರಲ್ಲಿ ಅಂಗಡಿ, ಶಾಲೆ, ಕ್ಲಿನಿಕ್, ಸಂಘ ನಡೆಸುವವರು ಬಹಳ ಜನ ಇರುತ್ತಾರೆ. ಅವರಲ್ಲಿ ಹೆಚ್ಚಿನವರ ವೆಬ್‌ಸೈಟ್ ನಮ್ಮಂಥವರ ಕೈಯಲ್ಲಿರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಕೆಲಸ ಕಲಿತ ಏಜೆನ್ಸಿಯಲ್ಲಿ ಇದ್ದದ್ದು ನಾವು ನಾಲ್ಕೇ ಜನ. ಯಜಮಾನರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಬಹಳ ಪ್ರಾಮಾಣಿಕ ಮನುಷ್ಯ. ಹೊಸ ಕ್ಲೈಂಟ್ ಬಂದರೆ ಡೊಮೇನ್ ಕೊಳ್ಳುವುದರಿಂದ ಹಿಡಿದು ಇಮೇಲ್ ತೆರೆದುಕೊಡುವವರೆಗೆ ಎಲ್ಲವನ್ನೂ ತಾವೇ ಮಾಡುತ್ತಿದ್ದರು. 'ನಿಮಗ್ಯಾಕೆ ಸರ್ ತಲೆಬಿಸಿ, ನಾನಿದ್ದೀನಲ್ಲ' ಅನ್ನುವುದು ಅವರ ಮಾತು. ಹಾಗೆ ಸೇರುತ್ತ ಸೇರುತ್ತ ಅವರ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಖಾತೆಯಲ್ಲಿ 41 ಡೊಮೇನ್‌ಗಳು ಜಮೆಯಾಗಿದ್ದವು. ಅವುಗಳಲ್ಲಿ 35 ಅವರದೇ ಹೆಸರು, ಅವರದೇ ಸ್ವಂತ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿದ್ದವು. ರಿನ್ಯೂವಲ್ ಹಣ ಅವರ ಕಾರ್ಡಿನಿಂದ ತಾನಾಗಿ ಕಟ್ ಆಗುತ್ತಿತ್ತು. ವರ್ಷಕ್ಕೊಮ್ಮೆ ಬಿಲ್ ಕಳಿಸಿದರೆ ಕ್ಲೈಂಟ್‌ಗಳು ಕೊಡುತ್ತಿದ್ದರು. ಎಂಟು ವರ್ಷ ಒಂದೂ ತೊಂದರೆ ಬರಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಸರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗಾಗ 46 ವರ್ಷ.

ಮೊದಲ ಹತ್ತು ದಿನ ಯಾರಿಗೂ ಡೊಮೇನ್‌ಗಳ ನೆನಪೇ ಇರಲಿಲ್ಲ. ಹನ್ನೊಂದನೇ ದಿನ ಒಬ್ಬ ಕ್ಲೈಂಟ್ ಫೋನ್ ಮಾಡಿ, 'ಮೇಡಂ, ನಮ್ಮ ಸೈಟ್ ಓಪನ್ ಆಗ್ತಿಲ್ಲ, ಮೇಲೂ ಬರ್ತಿಲ್ಲ' ಅಂದರು. ಬ್ಯಾಂಕಿನವರು ನಿಯಮದ ಪ್ರಕಾರ ಸರ್ ಕಾರ್ಡ್ ನಿಲ್ಲಿಸಿದ್ದರು. ಹಣ ಕಟ್ ಆಗದೆ ಡೊಮೇನ್ ಅವಧಿ ಮುಗಿದಿತ್ತು. ಡಾಟ್ ಕಾಂ, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವೊಂದಿದೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ ಒಂದು, ಒಂದು ವಾರದ ಮುಂಚೆ ಇನ್ನೊಂದು, ಮುಗಿದ 5 ದಿನದೊಳಗೆ ಮತ್ತೊಂದು ಹೀಗೆ ರಿಜಿಸ್ಟ್ರಾರ್ ಕಂಪನಿ ನೆನಪೋಲೆಗಳನ್ನು ಕಳಿಸಲೇಬೇಕು. ಕಳಿಸಿಯೂ ಇದ್ದರು. ಹೋಗಿದ್ದು ಮಾತ್ರ ಸರ್ ಅವರ ಸ್ವಂತ ಇಮೇಲ್‌ಗೆ.

ಆಫೀಸಿನ ಕಂಪ್ಯೂಟರಿನಲ್ಲಿ ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ಉಳಿದಿತ್ತು. ಹಾಕಿದೆ. ಮುಂದಿನ ಪರದೆಯಲ್ಲಿ ಆರು ಅಂಕಿಯ ಕೋಡ್ ಕೇಳಿತು. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಆಗಿದ್ದರೆ ಸಿಮ್ ಮತ್ತೆ ತೆಗೆಸಬಹುದಿತ್ತು. ಇದು 30 ಸೆಕೆಂಡಿಗೊಮ್ಮೆ ಬದಲಾಗುವ, ಅವರ ಫೋನಿನೊಳಗಿನ ಆಪ್‌ನಲ್ಲಿ ಮಾತ್ರ ಕಾಣುವ ಕೋಡ್. ಆ ಫೋನ್ ಅವರ ಮನೆಯಲ್ಲಿ, ಅವರ ಬೆರಳಚ್ಚಿಗೆ ಅಥವಾ ಪಿನ್ನಿಗೆ ಮಾತ್ರ ತೆರೆಯುವಂತೆ ಲಾಕ್ ಆಗಿ ಕೂತಿತ್ತು. ಪಿನ್ ಯಾರಿಗೂ ಗೊತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡು ಹನ್ನೊಂದು ದಿನವಾದ ಹೆಣ್ಣುಮಗಳ ಎದುರು ಕೂತು, 'ಅಕ್ಕಾ, ಸರ್ ಫೋನಿನ ಪಿನ್ ಏನಿರಬಹುದು' ಎಂದು ಕೇಳಿದ್ದೇನೆ. ಅವರು ಮಗಳ ಹುಟ್ಟಿದ ದಿನ ಹೇಳಿದರು. ಮದುವೆಯ ದಿನ ಹೇಳಿದರು. ಯಾವುದೂ ಹೊಂದಲಿಲ್ಲ. ಐದು ಸಲ ತಪ್ಪಾದ ಮೇಲೆ ಫೋನ್ ಕಾಯಲು ಹೇಳಿತು. ಅವರು ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಳಗಿಟ್ಟು ಬಂದರು. ಅದರಲ್ಲಿ ಅವರ ಮಗಳ ಫೋಟೊಗಳಿದ್ದವು, ತಪ್ಪು ಪಿನ್ ಹಾಕುತ್ತ ಹೋದರೆ ಎಲ್ಲ ಅಳಿಸಿಹೋದೀತು ಅನ್ನುವ ಭಯ ಅವರಿಗೆ. ನಾನು ಮತ್ತೆ ಕೇಳಲಿಲ್ಲ.

ರಿಜಿಸ್ಟ್ರಾರ್ ಕಂಪನಿಗೆ ಬರೆದೆವು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಗುರುತಿನ ಪತ್ರ ಕೇಳಿದರು. ಕೇಳಿದ್ದು ಸರಿಯೇ, ಯಾರೋ ಬಂದು ಕೇಳಿದ ಕೂಡಲೇ ಖಾತೆ ಬಿಟ್ಟುಕೊಡುವ ಕಂಪನಿಯನ್ನು ನಾನೇ ನಂಬುವುದಿಲ್ಲ. ಆದರೆ ವಾರಸುದಾರರ ದಾಖಲೆ ವಾರದಲ್ಲಿ ಸಿಗುವಂಥದ್ದಲ್ಲ. ಕ್ಲೈಂಟ್‌ಗಳು ನೇರವಾಗಿ ಹೋಗಿ 'ಇದು ನಮ್ಮ ಸಂಸ್ಥೆಯ ಹೆಸರು, ನಮ್ಮ ಸೈಟ್, ನಾವೇ ಹಣ ಕೊಟ್ಟಿದ್ದು' ಎಂದರೆ ಕಂಪನಿಯ ಉತ್ತರ ಒಂದೇ: ನಮ್ಮ ದಾಖಲೆಯಲ್ಲಿ ನೋಂದಣಿದಾರರು ನೀವಲ್ಲ. ಯಾವ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಹೊರಗಿನಿಂದ ನೋಡಲೂ ಆಗುತ್ತಿರಲಿಲ್ಲ. ಯುರೋಪಿನ ಖಾಸಗಿತನದ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಡೊಮೇನ್ ಯಾರದೆಂದು ತೋರಿಸುವ ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಮಾಲೀಕರ ವಿವರ ಮರೆಮಾಡುವುದು ರೂಢಿಯಾಗಿತ್ತು. ಅಲ್ಲಿಯವರೆಗೆ ಮಾಲೀಕರ ಹೆಸರು ಯಾರು ಬೇಕಾದರೂ ನೋಡಬಹುದಾಗಿತ್ತು, ನಮ್ಮ ಕ್ಲೈಂಟ್‌ಗಳಲ್ಲಿ ಒಬ್ಬರೂ ನೋಡಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅಕ್ಕನೇ. 58ನೇ ದಿನ, ಸ್ಕೂಟರಿನ ವಿಮೆ ಕಾಗದ ಹುಡುಕುವಾಗ ಅದೇ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆಯೊಂದು ಸಿಕ್ಕಿತು. ಮೇಲೆ ಸರ್ ಕೈಬರಹದಲ್ಲಿ 'ಡೊಮೇನ್, ಬ್ಯಾಕಪ್ ಕೋಡ್' ಎಂದಿತ್ತು, ಕೆಳಗೆ ಪ್ರಿಂಟ್ ಆದ ಅಂಕಿಗಳ ಸಾಲು. ಅಕ್ಕ ಅದರ ಫೋಟೊ ಕಳಿಸಿ 'ಇದೇನಾ ನೀನು ಕೇಳಿದ್ದು?' ಎಂದು ಬರೆದಿದ್ದರು. ಫೋನ್ ಇಲ್ಲದಾಗ ಬಳಸಲೆಂದು ಮೊದಲೇ ಕೊಟ್ಟಿರುವ ಕೋಡ್ ಅದು. ಮೊದಲ ಕೋಡಿಗೇ ಖಾತೆ ತೆರೆಯಿತು. ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ.

ಅಷ್ಟರಲ್ಲಿ ಎಂಟು ಡೊಮೇನ್‌ಗಳ ಅವಧಿ ಮುಗಿದಿತ್ತು. ಆರನ್ನು ಮಾಮೂಲು ರಿನ್ಯೂವಲ್ ಹಣ ಕಟ್ಟಿ ಉಳಿಸಿಕೊಂಡೆವು. ಒಂದು, ರಿಡೆಂಪ್ಷನ್ ಅನ್ನುವ 30 ದಿನದ ಹಂತಕ್ಕೆ ಹೋಗಿತ್ತು. ಆ ಹಂತದಲ್ಲಿ ಬಿಡಿಸಿಕೊಳ್ಳಲು ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಶುಲ್ಕ. ಅದೂ ಮುಗಿದರೆ 5 ದಿನದಲ್ಲಿ ಹೆಸರು ಅಳಿಸಿಹೋಗಿ ಯಾರು ಬೇಕಾದರೂ ಕೊಳ್ಳಬಹುದು. ಹಣ ಕಟ್ಟಿ ಅದನ್ನೂ ತಂದೆವು. ಎಂಟನೆಯದು ಕೈತಪ್ಪಿತು. ಅವಧಿ ಮುಗಿದ ಹೆಸರುಗಳನ್ನು ರಿಜಿಸ್ಟ್ರಾರ್‌ಗಳು ಅಳಿಸುವ ಮೊದಲೇ ಹರಾಜಿಗೆ ಇಡುವುದುಂಟು, ಅಲ್ಲಿ ಅದನ್ನು ಬೇರೆ ಯಾರೋ ಕೊಂಡಿದ್ದರು.

ಅದು ಕಿವಿ ಕೇಳದ ಮಕ್ಕಳ ಶಾಲೆಯೊಂದರ ಡೊಮೇನ್. ಶಾಲೆಯ ಬೋರ್ಡಿನ ಮೇಲೆ, ಲೆಟರ್‌ಹೆಡ್ ಮೇಲೆ, ದಾನಿಗಳಿಗೆ ಕೊಡುವ ರಸೀದಿಯ ಮೇಲೆ ಹನ್ನೆರಡು ವರ್ಷದಿಂದ ಅಚ್ಚಾಗುತ್ತಿದ್ದ ವಿಳಾಸ. ಹೊಸದಾಗಿ ಕೊಂಡವರು ಅಲ್ಲಿ ಜೂಜಿನ ಪುಟ ಹಾಕಿದರು. ಹಳೆಯ ರಸೀದಿ ನೋಡಿ ವಿಳಾಸ ಟೈಪ್ ಮಾಡಿದ ದಾನಿಗೆ ಕಾಣುತ್ತಿದ್ದುದು ಅದು. ಜೂಜಿನ ಪುಟಕ್ಕಿಂತ ನನ್ನನ್ನು ಕಂಗೆಡಿಸಿದ್ದು ಇನ್ನೊಂದು ಸಂಗತಿ, ಹೆಚ್ಚಿನವರು ಇದನ್ನು ಯೋಚಿಸುವುದೇ ಇಲ್ಲ. ಡೊಮೇನ್ ಯಾರದೋ ಅದರ ಇಮೇಲ್ ವಿಳಾಸಗಳೂ ಅವರವೇ. ಶಾಲೆಯ ಆಫೀಸ್ ಇಮೇಲಿಗೆ ಪೋಷಕರು ಕಳಿಸುವ ಪತ್ರ ಹೊಸ ಮಾಲೀಕನ ಪೆಟ್ಟಿಗೆಗೆ ಹೋಗಬಹುದು. ಆ ಇಮೇಲ್ ಕೊಟ್ಟು ಶಾಲೆ ಬೇರೆಲ್ಲೆಲ್ಲಿ ಖಾತೆ ತೆರೆದಿದೆಯೋ ಅಲ್ಲೆಲ್ಲ 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತಿದರೆ ಹೊಸ ಪಾಸ್‌ವರ್ಡಿನ ಲಿಂಕ್ ಅವನ ಕೈಗೆ. ಎರಡು ದಿನ ಕೂತು ಶಾಲೆಯ ಮುಖ್ಯೋಪಾಧ್ಯಾಯಿನಿಯ ಜೊತೆ ಒಂದೊಂದೇ ಖಾತೆಯ ಇಮೇಲ್ ಬದಲಿಸಿದೆವು. ಅವರು ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. 'ನಾವು ಕೇಳಬೇಕಿತ್ತು' ಅಂದರಷ್ಟೆ. ಕೇಳಬೇಕಾದ್ದು ಅವರಲ್ಲ, ಹೇಳಬೇಕಾದ್ದು ನಾವು.

ಇನ್ನು ಆರು ಕ್ಲೈಂಟ್‌ಗಳ ಮಾತು. 41ರಲ್ಲಿ ಆರು ಡೊಮೇನ್‌ಗಳು ಕ್ಲೈಂಟ್‌ಗಳ ಸ್ವಂತ ಹೆಸರು, ಸ್ವಂತ ಇಮೇಲಿನಲ್ಲಿದ್ದವು. ಅವರು ರಿಜಿಸ್ಟ್ರಾರ್‌ಗೆ ಗುರುತಿನ ದಾಖಲೆ ಕೊಟ್ಟು, ಟ್ರಾನ್ಸ್‌ಫರ್ ಕೋಡ್ ಪಡೆದು, ಎರಡೇ ವಾರದಲ್ಲಿ ಡೊಮೇನನ್ನು ತಮ್ಮದೇ ಖಾತೆಗೆ ಒಯ್ದರು. ಸೈಟ್ ಒಂದು ನಿಮಿಷವೂ ನಿಲ್ಲಲಿಲ್ಲ. ಉಳಿದ 35 ಜನರಿಗೂ ಇವರಿಗೂ ಇದ್ದ ವ್ಯತ್ಯಾಸ ನೋಂದಣಿ ಫಾರ್ಮಿನ ಎರಡು ಸಾಲು. ಕೆಲಸದ ಗುಣಮಟ್ಟ ಒಂದೇ, ಕೊಟ್ಟ ಹಣ ಒಂದೇ, ನೋಡಿಕೊಂಡ ಮನುಷ್ಯನೂ ಒಬ್ಬನೇ.

ಒಂದೇ ಖಾತೆಯ ಪದ್ಧತಿಯನ್ನೇ ನಾನು ಬೈಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅದಿಲ್ಲದ ಕಾಲವನ್ನೂ ನೋಡಿದ್ದೇನೆ. 2013ರ ಅಕ್ಟೋಬರ್‌ನಲ್ಲಿ, ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ 3.7 ಆವೃತ್ತಿ ಬರುವವರೆಗೆ ಸಣ್ಣ ಭದ್ರತಾ ಅಪ್‌ಡೇಟ್ ಕೂಡ ತಾನಾಗಿ ಕೂರುತ್ತಿರಲಿಲ್ಲ. ಪ್ರತಿ ಶುಕ್ರವಾರ ಒಂದೊಂದೇ ಸೈಟಿಗೆ ಲಾಗಿನ್ ಆಗಿ, ಬ್ಯಾಕಪ್ ತೆಗೆದು, ಅಪ್‌ಡೇಟ್ ಒತ್ತಿ, ಮುಖಪುಟ ತೆರೆದು ನೋಡಿ, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಯಾವ ಟ್ಯಾಬ್ ಯಾರ ಸೈಟ್ ಎಂಬುದೇ ಕಲಸುಮೇಲೋಗರ. ಈಗ ಒಂದೇ ಡ್ಯಾಶ್‌ಬೋರ್ಡಿನಲ್ಲಿ 58 ಸೈಟ್‌ಗಳೂ ಕಾಣುತ್ತವೆ. ಯಾವುದರ ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಹಳೆಯದಾಗಿದೆ, ಯಾವುದು ಡೌನ್ ಆಗಿದೆ, ಸಂಪರ್ಕ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಯಾವುದರದು ಮುಗಿಯಲಿದೆ, ಎಲ್ಲವೂ. ತೊಂದರೆಯಿರುವ ಪ್ಲಗಿನ್ ಬಗ್ಗೆ ರಾತ್ರಿ ಸುದ್ದಿ ಬಂದರೆ ಬೆಳಿಗ್ಗೆಯೊಳಗೆ ಎಲ್ಲ ಕಡೆ ಸರಿಮಾಡಬಹುದು. ಕ್ಲೈಂಟ್ ಒಬ್ಬರೇ ಇದನ್ನು ಮಾಡಿಕೊಳ್ಳಲಾರರು.

ಆದರೆ ಆ ಒಂದು ಖಾತೆಗೆ ಕನ್ನ ಬಿದ್ದರೆ ಬೀಳುವುದು 58 ಮನೆಗೆ. ಇದು ಬರೀ ಊಹೆಯಲ್ಲ. ಹಲವು ಸೈಟ್‌ಗಳನ್ನು ಒಂದೆಡೆಯಿಂದ ನೋಡಿಕೊಳ್ಳಲೆಂದೇ ಇರುವ ಇನ್ಫಿನಿಟ್‌ಡಬ್ಲ್ಯುಪಿ ಎಂಬ ಸಲಕರಣೆಯಲ್ಲಿ 2020ರ ಜನವರಿಯಲ್ಲಿ ಒಂದು ದೋಷ ಪತ್ತೆಯಾಯಿತು. ಅಡ್ಮಿನ್‌ನ ಬಳಕೆದಾರ ಹೆಸರು ಗೊತ್ತಿದ್ದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಒಳಹೋಗಬಹುದಿತ್ತು. ಆ ಪ್ಲಗಿನ್ ಸುಮಾರು 3 ಲಕ್ಷ ಸೈಟ್‌ಗಳಲ್ಲಿತ್ತು. ತಯಾರಕರು ತಕ್ಷಣ ತಿದ್ದಿದ ಆವೃತ್ತಿ ಬಿಟ್ಟರು. ಅಪ್‌ಡೇಟ್ ಮಾಡಿದವರು ಬಚಾವಾದರು. 2021ರ ಜುಲೈ 2ರಂದು ಕಸೇಯಾ ಕಂಪನಿಯ ತಂತ್ರಾಂಶಕ್ಕೆ ಬಿದ್ದ ದಾಳಿಯೂ ಇದೇ ಬಗೆಯದು. ಬೇರೆಯವರ ಕಂಪ್ಯೂಟರ್‌ಗಳನ್ನು ದೂರದಿಂದ ನೋಡಿಕೊಳ್ಳುವ ಏಜೆನ್ಸಿಗಳು ಬಳಸುತ್ತಿದ್ದ ತಂತ್ರಾಂಶ ಅದು. ನೇರವಾಗಿ ಪೆಟ್ಟು ತಿಂದವರು 60ರೊಳಗಿನ ಸಂಸ್ಥೆಗಳು. ಅವುಗಳ ಮೂಲಕ ಸುಮಾರು 1,500 ವ್ಯವಹಾರಗಳವರೆಗೆ ಪೆಟ್ಟು ಮುಟ್ಟಿತು. ಸ್ವೀಡನ್ನಿನಲ್ಲಿ ಕೋಪ್ ಎಂಬ ದಿನಸಿ ಮಳಿಗೆಗಳ ಸರಣಿ ತನ್ನ ನೂರಾರು ಮಳಿಗೆಗಳನ್ನು ಮುಚ್ಚಬೇಕಾಯಿತು, ಬಿಲ್ ಹಾಕುವ ಯಂತ್ರಗಳೇ ನಿಂತಿದ್ದವು. ದಾಳಿಯಾದದ್ದು ಅಂಗಡಿಯ ಮೇಲಲ್ಲ, ಅಂಗಡಿಯ ಕೆಲಸ ವಹಿಸಿಕೊಂಡವರು ಬಳಸುತ್ತಿದ್ದ ತಂತ್ರಾಂಶದ ಮೇಲೆ.

ಇದರ ಸಣ್ಣ ರೂಪವನ್ನು ನಾನೇ ಅನುಭವಿಸಿದ್ದೇನೆ, ತಪ್ಪೂ ನನ್ನದೇ. ಸ್ವಂತ ಏಜೆನ್ಸಿ ಶುರುಮಾಡಿದ ಹೊಸದರಲ್ಲಿ ಒಂದೇ ಸಿಪ್ಯಾನೆಲ್ ಖಾತೆಯೊಳಗೆ, ಅಂದರೆ ಸೈಟಿನ ಫೈಲ್‌ಗಳನ್ನು ಸರ್ವರಿನಲ್ಲಿ ಇಡುವ ಒಂದೇ ಹೋಸ್ಟಿಂಗ್ ಖಾತೆಯೊಳಗೆ, 17 ಸೈಟ್‌ಗಳನ್ನು ತುಂಬಿದ್ದೆ. ಪ್ರತ್ಯೇಕ ಖಾತೆಗಳಿಗಿಂತ ಅಗ್ಗ, ನೋಡಿಕೊಳ್ಳಲು ಸುಲಭ. ಅವುಗಳಲ್ಲಿ ಒಂದು, ಮುಗಿದುಹೋದ ಸಮಾರಂಭವೊಂದರ ಸೈಟ್. ಯಾರೂ ಮುಟ್ಟುತ್ತಿರಲಿಲ್ಲ, ಅದರ ಗ್ಯಾಲರಿ ಪ್ಲಗಿನ್ ಎರಡು ವರ್ಷ ಹಳೆಯದು. ಕಳ್ಳ ಬಂದದ್ದು ಆ ಕಿಟಕಿಯಿಂದ. ಆದರೆ ನಮಗೆ ದೂರು ಬಂದದ್ದು ಬೇರೊಂದು ಸೈಟಿನಿಂದ. ಕಂಪ್ಯೂಟರಿನಲ್ಲಿ ತೆರೆದರೆ ಸರಿಯಾಗಿಯೇ ಕಾಣುತ್ತಿತ್ತು. ಮೊಬೈಲಿನಲ್ಲಿ, ಅದೂ ಗೂಗಲ್ ಹುಡುಕಾಟದಿಂದ ಬಂದವರಿಗೆ ಮಾತ್ರ ಯಾವುದೋ ಲಾಟರಿ ಪುಟ. ಸೈಟಿನ ಮಾಲೀಕರಿಗೆ ಅದು ವಾರಗಟ್ಟಲೆ ಕಾಣದಿರಲೆಂದೇ ಕಳ್ಳರು ಹಾಗೆ ಬರೆದಿರುತ್ತಾರೆ. ಇಂಡೆಕ್ಸ್ ಫೈಲಿನ ಮೊದಲ ಸಾಲಿನಲ್ಲಿ, ಪರದೆಯ ಬಲಕ್ಕೆ ಬಹಳ ದೂರ ಸರಿಸಿದರೆ ಮಾತ್ರ ಕಾಣುವಂತೆ, ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸರ ಸೇರಿಸಿದ್ದರು. ಅಳಿಸಿದೆ. ಸಂಜೆಗೆ ಮತ್ತೆ ಬಂತು. ಮತ್ತೆ ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ. ಬೆಳಿಗ್ಗೆ ಮತ್ತೆ.

ಮೂರನೇ ದಿನ ಅರ್ಥವಾಯಿತು. ಒಂದೇ ಹೋಸ್ಟಿಂಗ್ ಖಾತೆಯೊಳಗಿನ ಸೈಟ್‌ಗಳೆಲ್ಲ ಸರ್ವರಿನ ದೃಷ್ಟಿಯಲ್ಲಿ ಒಬ್ಬನೇ ಬಳಕೆದಾರನ ಫೈಲ್‌ಗಳು. ಒಂದು ಸೈಟಿನಲ್ಲಿ ಓಡುವ ಕೋಡ್ ಪಕ್ಕದ ಸೈಟಿನ ಫೋಲ್ಡರಿಗೆ ಹೋಗಿ ಬರೆಯಬಹುದು, ಅದರ ಡೇಟಾಬೇಸ್ ಪಾಸ್‌ವರ್ಡ್ ಓದಬಹುದು. ನಡುವೆ ಗೋಡೆಯೇ ಇರುವುದಿಲ್ಲ. ನಾನು ಒಂದು ಕೋಣೆ ಗುಡಿಸುವಷ್ಟರಲ್ಲಿ ಪಕ್ಕದ ಕೋಣೆಯಿಂದ ಕಸ ಮತ್ತೆ ಬರುತ್ತಿತ್ತು. ಹದಿನೇಳನ್ನೂ ಒಟ್ಟಿಗೆ ನಿಲ್ಲಿಸಿ, ಸೋಂಕಿಗಿಂತ ಮುಂಚಿನ ಬ್ಯಾಕಪ್‌ನಿಂದ ಒಂದೊಂದನ್ನೇ ಬೇರೆ ಬೇರೆ ಖಾತೆಗೆ ಏರಿಸಿದಾಗಲೇ ಅದು ನಿಂತದ್ದು. ಅಪ್‌ಡೇಟ್ ತಪ್ಪದೆ ಮಾಡಿಸಿಕೊಂಡು, ತಿಂಗಳು ತಿಂಗಳು ನಿರ್ವಹಣೆಯ ಹಣ ಕೊಟ್ಟ ಹದಿನಾರು ಜನ, ತಮಗೆ ಸಂಬಂಧವೇ ಇಲ್ಲದ ಒಂದು ಸತ್ತ ಸೈಟಿನಿಂದ ನಾಲ್ಕು ದಿನ ನಷ್ಟ ಅನುಭವಿಸಿದರು. ಅವರಿಗೆ ತಾವು ಯಾರ ಪಕ್ಕದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಈಗ ನನ್ನ ಬಳಿ ರೀಸೆಲ್ಲರ್ ಖಾತೆಯಿದೆ. ನೋಡುವ ಪರದೆ ಒಂದೇ, ಪ್ರತಿ ಕ್ಲೈಂಟ್‌ಗೆ ಬೇರೆ ಬಳಕೆದಾರ, ಬೇರೆ ಪಾಸ್‌ವರ್ಡ್. ಖರ್ಚು ಹೆಚ್ಚು. ಕ್ಲೈಂಟ್‌ಗಳಿಗೆ ಕಾರಣ ಹೇಳಿ ಕೇಳುತ್ತೇನೆ, ಕೊಡುತ್ತಾರೆ.

ಬ್ಯಾಕಪ್ ಎಂದಾಗ ಒಂದು ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಬಲಿಯಾಯಿತು. ಸೈಟೂ ಬ್ಯಾಕಪ್ಪೂ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಏಜೆನ್ಸಿಯವರು 'ಬ್ಯಾಕಪ್ ಇದೆ' ಅಂದರೆ 'ಎಲ್ಲಿದೆ, ಕೊನೆಯ ಸಲ ಯಾವಾಗ ತೆರೆದು ನೋಡಿದಿರಿ' ಎಂದು ಕೇಳಿ.

ಡೊಮೇನ್, ಹೋಸ್ಟಿಂಗ್ ಆದಮೇಲೆ ಜನ ಕಳೆದುಕೊಳ್ಳುವುದು ಅಂಕಿಅಂಶ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಆ ಕೆಲಸ ನಿಲ್ಲಿಸಿತು. 2024ರ ಜುಲೈನಲ್ಲಿ ಹಳೆಯ ಲೆಕ್ಕ ತೆರೆದು ನೋಡುವುದೂ ಮುಗಿಯಿತು. ಆ ಒಂದು ವರ್ಷದಲ್ಲಿ ನಾಲ್ಕು ಕ್ಲೈಂಟ್‌ಗಳು ಹಳೆಯ ಲೆಕ್ಕ ಇಳಿಸಿಕೊಡಿ ಎಂದು ಬಂದರು. ನಾಲ್ವರದೂ ಹಿಂದಿನ ಏಜೆನ್ಸಿಯ ಖಾತೆಯೊಳಗಿತ್ತು. ಎರಡು ಏಜೆನ್ಸಿಗಳು ಅಷ್ಟರಲ್ಲಿ ಮುಚ್ಚಿಹೋಗಿದ್ದವು. ಯಾವ ತಿಂಗಳು ಎಷ್ಟು ಜನ ಬಂದರು, ಯಾವ ಪುಟ ಓದಿದರು ಎಂಬ ಹತ್ತು ವರ್ಷದ ಲೆಕ್ಕ ಅವರಿಗೆ ಸಿಗಲೇ ಇಲ್ಲ. ಬೇಸರದ ಸಂಗತಿ ಏನೆಂದರೆ, ಇದನ್ನು ತಪ್ಪಿಸುವ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಖಾತೆಯನ್ನು ಕ್ಲೈಂಟ್ ತೆರೆಯುವುದು, ಏಜೆನ್ಸಿಯನ್ನು ಬಳಕೆದಾರರಾಗಿ ಸೇರಿಸುವುದು. ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಮಾಲೀಕ ಬೇರೆ, ಬಳಕೆದಾರ ಬೇರೆ. ಗೂಗಲ್ ಜಾಹೀರಾತುಗಳಿಗೆ ಮ್ಯಾನೇಜರ್ ಖಾತೆ ಇದೆ; ಏಜೆನ್ಸಿ ತನ್ನ ಒಂದೇ ಲಾಗಿನ್‌ನಿಂದ ಎಲ್ಲ ಕ್ಲೈಂಟ್‌ಗಳ ಖಾತೆ ನೋಡುತ್ತದೆ, ಸಂಬಂಧ ಮುಗಿದ ದಿನ ಕ್ಲೈಂಟ್ ಕೊಂಡಿ ಕಳಚಿದರೆ ಮುಗಿಯಿತು, ಖಾತೆ ಅವರದಾಗಿಯೇ ಉಳಿಯುತ್ತದೆ. ಫೇಸ್‌ಬುಕ್ ಪುಟಕ್ಕೂ ಪಾಲುದಾರ ಪ್ರವೇಶ ಇದೆ.

ನಾನು ಈಗ ಮಾಡುವುದು ಹೀಗೆ. ಹೊಸ ಕ್ಲೈಂಟ್ ಬಂದ ಮೊದಲ ದಿನ ಡಿಸೈನ್ ಮಾತು ತೆಗೆಯುವುದಿಲ್ಲ. ಅವರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿ, ಅವರ ಕೈಯಿಂದಲೇ ರಿಜಿಸ್ಟ್ರಾರ್ ಖಾತೆ ತೆರೆಸುತ್ತೇನೆ. ನೋಂದಣಿದಾರರ ಜಾಗದಲ್ಲಿ ಸಂಸ್ಥೆಯ ಹೆಸರು. ಇಮೇಲ್ ಕೇಳಿದಾಗ ಇಲ್ಲಿ ಒಂದು ಎಚ್ಚರ ಬೇಕು: ಅದೇ ಡೊಮೇನಿನ ಇಮೇಲ್ ಕೊಡಬಾರದು. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಆಗ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದಾದರೂ ಎಲ್ಲಿಗೆ? ಕೆಲಸ ಬಿಟ್ಟು ಹೋಗಬಹುದಾದ ನೌಕರರ ಇಮೇಲೂ ಬೇಡ. ಎರಡನೇ ಹಂತದ ಕೋಡನ್ನು ಇಬ್ಬರ ಫೋನಿನಲ್ಲಿ ಹಾಕಿಸುತ್ತೇನೆ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು, ಸಂಸ್ಥೆಯ ನೋಂದಣಿ ಪತ್ರ ಎಲ್ಲಿಡುತ್ತಾರೋ ಅದೇ ಫೈಲಿನಲ್ಲಿ ಇಡಿ ಎಂದು ಹೇಳಿ ಕೈಗೆ ಕೊಡುತ್ತೇನೆ. ಆಮೇಲೆ ಅವರು ನನಗೆ ಡಿಎನ್‌ಎಸ್ (ಡೊಮೇನನ್ನು ಸರ್ವರಿಗೆ ಜೋಡಿಸುವ ದಾಖಲೆ) ಬದಲಿಸುವಷ್ಟು ಪ್ರವೇಶ ಕೊಡುತ್ತಾರೆ. ಇದಿಷ್ಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ನನ್ನ ಕಡೆಯಲ್ಲೂ, ನನಗೇನಾದರೂ ಆದರೆ ಏನು ಮಾಡಬೇಕೆಂಬ ಎರಡು ಪುಟದ ಕಾಗದವೊಂದು ಮೊಹರು ಹಾಕಿದ ಲಕೋಟೆಯಲ್ಲಿ ನನ್ನ ಸಹೋದ್ಯೋಗಿಯ ಬಳಿ ಇದೆ. ಆರು ತಿಂಗಳಿಗೊಮ್ಮೆ ಹೊಸದು ಬರೆದು ಕೊಡುತ್ತೇನೆ.

'ಬೇಡ ಮೇಡಂ, ನಮಗಿದೆಲ್ಲ ತಿಳಿಯಲ್ಲ, ನೀವೇ ಇಟ್ಟುಕೊಳ್ಳಿ' ಅನ್ನುವ ಕ್ಲೈಂಟ್‌ಗಳೇ ಹೆಚ್ಚು. ನಂಬಿಕೆಯಿಂದ ಹೇಳುವ ಮಾತು, ಕೇಳಲು ಹಿತವಾಗಿರುತ್ತದೆ. ಸರ್ ಕೂಡ ಆ ನಂಬಿಕೆಗೆ ಎಂದೂ ದ್ರೋಹ ಮಾಡಲಿಲ್ಲ. ಆದರೆ ಅವರು ಹೋದಮೇಲೆ ಆ ನಂಬಿಕೆಯಿಂದ ಒಂದು ಡೊಮೇನೂ ರಿನ್ಯೂ ಆಗಲಿಲ್ಲ.

ನನ್ನ ವೃತ್ತಿಯವರೇ ಇದಕ್ಕೆ ಒಪ್ಪುವುದಿಲ್ಲ, ಅವರ ಮಾತನ್ನೂ ಹೇಳಬೇಕು. ಕೆಲವರು 'ಕ್ಲೈಂಟ್ ಕೈಗೆ ಕೊಟ್ಟರೆ ಏನೋ ಒತ್ತಿ ಸೈಟ್ ಕೆಡಿಸುತ್ತಾರೆ' ಅನ್ನುತ್ತಾರೆ. ನಿಜ, ಒಮ್ಮೆ ಒಬ್ಬರು ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಬೇಡದ್ದೆಂದು ಅಳಿಸಿ ಇಡೀ ಕಚೇರಿಯ ಇಮೇಲ್ ನಿಲ್ಲಿಸಿದ್ದರು. ಹತ್ತು ನಿಮಿಷದಲ್ಲಿ ಮತ್ತೆ ಹಾಕಿದೆ. ಹತ್ತು ನಿಮಿಷದಲ್ಲಿ ಸರಿಪಡಿಸಬಹುದಾದ ತಪ್ಪಿಗೆ ಹೆದರಿ, 58 ದಿನದಲ್ಲೂ ಸರಿಯಾಗದ ತಪ್ಪನ್ನು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನು ಕೆಲವರು ಬಾಯಿಬಿಟ್ಟು ಹೇಳದ ಕಾರಣ ಬೇರೆ: ಡೊಮೇನ್ ನಮ್ಮ ಖಾತೆಯಲ್ಲಿದ್ದರೆ ಕ್ಲೈಂಟ್ ಬಿಟ್ಟುಹೋಗಲಾರ, ಬಾಕಿ ಹಣ ವಸೂಲಿಗೂ ಹಿಡಿತ ಇರುತ್ತದೆ ಎಂಬುದು. ಬಾಕಿ ಉಳಿಸಿಕೊಂಡ ಕ್ಲೈಂಟ್‌ಗಳಿಂದ ನಾನೂ ನೊಂದಿದ್ದೇನೆ. ಅದಕ್ಕೆ ಒಪ್ಪಂದವಿದೆ, ನೋಟಿಸ್ ಇದೆ, ಕೆಲಸ ನಿಲ್ಲಿಸುವ ಹಕ್ಕಿದೆ. ಒಬ್ಬರ ಹೆಸರನ್ನೇ ಒತ್ತೆಯಿಟ್ಟುಕೊಳ್ಳುವುದು ವಸೂಲಿಯಲ್ಲ.

ಮುಂದಿನ ವರ್ಷಗಳಲ್ಲಿ ಇದು ಇನ್ನೂ ಮುಖ್ಯವಾಗಲಿದೆ. ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗಳ ಆಯುಷ್ಯವನ್ನು ಹಂತಹಂತವಾಗಿ ಕಡಿಮೆ ಮಾಡಲು ಬ್ರೌಸರ್ ಮತ್ತು ಸರ್ಟಿಫಿಕೇಟ್ ಕಂಪನಿಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. 398 ದಿನವಿದ್ದ ಮಿತಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರಲ್ಲಿ 47 ದಿನ. ವರ್ಷಕ್ಕೊಮ್ಮೆ ಕೈಯಿಂದ ಮಾಡುತ್ತಿದ್ದ ಕೆಲಸ ಒಂದೂವರೆ ತಿಂಗಳಿಗೊಮ್ಮೆ ತಾನಾಗಿ ನಡೆಯಬೇಕು. ಅದು ನಡೆಯಬೇಕಾದರೆ ಡೊಮೇನ್, ಡಿಎನ್‌ಎಸ್ ಯಾರ ಹಿಡಿತದಲ್ಲಿದೆ ಎಂಬುದು ತಿಳಿದಿರಬೇಕು. ಮುಚ್ಚಿಹೋದ ಏಜೆನ್ಸಿಯ ಖಾತೆಯಲ್ಲಿ ಡಿಎನ್‌ಎಸ್ ಸಿಕ್ಕಿಕೊಂಡಿದ್ದರೆ ಇಷ್ಟು ದಿನ ಹೇಗೋ ಸಾಗುತ್ತಿದ್ದ ಸೈಟ್, 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ತೋರಿಸಲು ಶುರುಮಾಡುತ್ತದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಆ ಲೇಖನಕ್ಕೆ ಎರಡನೇ ಭಾಗ ಇದೆ ಎಂದು ಕೊನೆಯಲ್ಲಿ ಹೇಳಿದ್ದೀರಿ. ಅದರಲ್ಲಿ ಓದುಗರು ತಮ್ಮ ಏಜೆನ್ಸಿಗೆ ಕೇಳಬೇಕಾದ ಪ್ರಶ್ನೆಗಳನ್ನು ಸೇರಿಸಿ: ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ಇಮೇಲಿನಲ್ಲಿದೆ, ಎಂದು ಮುಗಿಯುತ್ತದೆ, ನಮ್ಮ ಸೈಟ್ ಹೋಸ್ಟಿಂಗ್‌ನಲ್ಲಿ ಪ್ರತ್ಯೇಕ ಖಾತೆಯಲ್ಲಿದೆಯೇ, ನೀವು ನಾಳೆ ಸಿಗದಿದ್ದರೆ ನಾವು ಯಾರಿಗೆ ಫೋನ್ ಮಾಡಬೇಕು. ಒಳ್ಳೆಯ ಏಜೆನ್ಸಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಡೊಮೇನ್ ಹೆಸರು ಬದಲಿಸುವವರಿಗೆ ಒಂದು ಸೂಚನೆಯನ್ನೂ ಹಾಕಿ: ನೋಂದಣಿದಾರರನ್ನು ಬದಲಿಸಿದ ಮೇಲೆ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ತಡೆ ಬೀಳುವ ಸಂಭವ ಇದೆ, ಆದ್ದರಿಂದ ಅವಧಿ ಮುಗಿಯಲು ಸಾಕಷ್ಟು ಸಮಯ ಇರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು.

ನಾನು ಬಳಸುವ ಹಸ್ತಾಂತರ ಪಟ್ಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಒಂದೂವರೆ ಪುಟ ಇದೆ, ಪೂರ್ತಿ ಕನ್ನಡದಲ್ಲಿದೆ. ಯಾರು ಬೇಕಾದರೂ ಬಳಸಬಹುದು, ನನ್ನ ಹೆಸರು ಹಾಕಬೇಕಿಲ್ಲ. ಅದರ ಮೊದಲ ಕರಡನ್ನು ತಿದ್ದಿಕೊಟ್ಟವರು ಆ ಶಾಲೆಯ ಮುಖ್ಯೋಪಾಧ್ಯಾಯಿನಿ.

ಇತಿ ತಮ್ಮ ವಿಶ್ವಾಸಿ,
ವೆಬ್‌ಸೈಟ್ ನಿರ್ವಹಣೆಯ ಕೆಲಸದಲ್ಲಿರುವ ನಿಮ್ಮ ಓದುಗರಲ್ಲೊಬ್ಬಳು